ವಾಗ್ಳೆ ಎಸ್ಟೇಟ್‌ನಿಂದ ಗುಹೆ ನೋಡಲು ಹೊರಟವರಿಗೆ

ಠಾಣೆಯ ವಾಗ್ಳೆ ಎಸ್ಟೇಟ್‌ನ ಶೆಡ್ಡುಗಳ ಪಶ್ಚಿಮಕ್ಕೆ ಕಾಣುವ ಹಸಿರು ಸಾಲು ಯೇವೂರ್ ಗುಡ್ಡಗಳದ್ದು. ಅವು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಕಡೆಯ ಅಂಚು. ಅದೇ ಕಾಡಿನ ಬೋರಿವಲಿ ಕಡೆಯಲ್ಲಿ ಕಾನ್ಹೇರಿ ಗುಹೆಗಳಿವೆ. ರಜೆಯ ದಿನ ಗುಹೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಇಲ್ಲಿ ಕತ್ತಲಿಗಿಂತ ಹೆಚ್ಚು ಹೆದರಬೇಕಾದದ್ದು ನೀರಿಗೆ. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೋಗುತ್ತೀರಿ ಎನ್ನುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಸುರಕ್ಷತೆ ಅಡಗಿದೆ.

ಕೈಯಿಂದ ಕಡಿದ ಗುಹೆಗಳು

ಮುಂಬಯಿ–ಠಾಣೆ ಪ್ರದೇಶದ ಬಹುಪಾಲು ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಕಲ್ಲು. ಸುಣ್ಣದಕಲ್ಲು ನೀರಿಗೆ ಕರಗಿ ಉದ್ದನೆಯ ಸುರಂಗಗಳಾಗುವ ಹಾಗೆ ಬಸಾಲ್ಟ್ ಕರಗುವುದಿಲ್ಲ. ಹಾಗಾಗಿ ಹಗ್ಗ ಕಟ್ಟಿ ಇಳಿಯುವ, ತೆವಳಿಕೊಂಡು ಸಾಗುವ ಗುಹೆ ಇಲ್ಲಿ ಸಿಗುತ್ತದೆಂದು ಬಂದವರಿಗೆ ನಿರಾಶೆಯೇ. ಇರುವವು ಬೌದ್ಧ ಭಿಕ್ಷುಗಳಿಗಾಗಿ, ದೇವರಿಗಾಗಿ ಉಳಿಯಿಂದ ಕಡಿದವು: ಕಾನ್ಹೇರಿ, ಜೋಗೇಶ್ವರಿ, ಸಮುದ್ರದಾಚೆಯ ಎಲಿಫೆಂಟಾ, ಕಲ್ಯಾಣ–ಭಿವಂಡಿ ನಡುವಿನ ಲೋನಾಡ್.

ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಕೆಲಸ ಶುರುವಾದದ್ದು ಕ್ರಿಸ್ತಪೂರ್ವ 1ನೇ ಶತಮಾನದ ಸುಮಾರಿಗೆ, ನಿಂತದ್ದು ಸಾವಿರ ವರ್ಷದ ಬಳಿಕ. ಶಾಸನಗಳಲ್ಲಿ ಇದರ ಹೆಸರು ಕೃಷ್ಣಗಿರಿ. ಕನ್ನಡಿಗರಿಗೆ ಇಲ್ಲೊಂದು ನಂಟೂ ಇದೆ. ಮಾನ್ಯಖೇಟದ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದ ದಾನಶಾಸನಗಳು ಇಲ್ಲಿನ ಗೋಡೆಗಳ ಮೇಲಿವೆ. ಅವುಗಳಲ್ಲೊಂದು ಶಕ 799, ಅಂದರೆ ಕ್ರಿ.ಶ. 877ರ ಸುಮಾರಿನದು. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಇಂಥ ಗೋಡೆಯ ಮೇಲೆ ಕೀಲಿಯಿಂದ ತನ್ನ ಹೆಸರು ಗೀಚುವವನಿಗೆ ಸಂರಕ್ಷಿತ ಸ್ಮಾರಕಗಳ ಕಾನೂನಿನಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ದಾರಿ ಮತ್ತು ಹೊತ್ತು

ನಕಾಶೆಯಲ್ಲಿ ಯೇವೂರಿನಿಂದ ಕಾನ್ಹೇರಿ ಕೂಗಳತೆಯಲ್ಲಿರುವಂತೆ ಕಾಣುತ್ತದೆ. ಆ ಆಸೆಗೆ ಬಿದ್ದು ಉಪವನ ಕೆರೆಯ ಮೇಲಿನಿಂದ ಕಾಡಿಗೆ ನುಗ್ಗಬೇಡಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಹಾದಿ ಹಿಡಿಯುವುದು ಅಪರಾಧ. ಅಲ್ಲಿ ದಾರಿ ತಪ್ಪುವುದೂ ಸುಲಭ. ಠಾಣೆ–ಬೋರಿವಲಿ ನಡುವೆ ಇದೇ ಗುಡ್ಡದ ಅಡಿಯಲ್ಲಿ ಜೋಡಿ ಸುರಂಗ ರಸ್ತೆಯ ಯೋಜನೆಗೆ 2024ರ ಜುಲೈನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ತೆರೆಯುವವರೆಗೆ ಘೋಡ್‌ಬಂದರ್ ರಸ್ತೆಯ ಬಸ್ಸು, ಇಲ್ಲವೇ ದಾದರ್‌ನಲ್ಲಿ ಲೋಕಲ್ ಬದಲಿಸಿ ಬೋರಿವಲಿಗೆ ಹೋಗುವುದು, ಇವೆರಡು ಸಾಮಾನ್ಯ ದಾರಿಗಳು.

ಉದ್ಯಾನದ ಬೋರಿವಲಿ ದ್ವಾರದಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್. ಉದ್ಯಾನಕ್ಕೊಂದು ಟಿಕೆಟ್, ಗುಹೆಗಳಿಗೆ ಪುರಾತತ್ವ ಇಲಾಖೆಯದು ಇನ್ನೊಂದು. ಸೋಮವಾರ ರಜೆ, ಎಲಿಫೆಂಟಾಕ್ಕೂ ಅಂದೇ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಕಪ್ಪು ಬಂಡೆ ಕಾದ ಕಾವಲಿಯಾಗುತ್ತದೆ, ಮೇಲಿನ ಗುಹೆಗಳ ಕಡೆ ನೆರಳು ಕಡಿಮೆ. ತಲಾ ಎರಡು ಲೀಟರ್ ನೀರು ಜೊತೆಗಿರಲಿ. ಬಂಡೆಯಲ್ಲಿ ಕಡಿದ ತೊಟ್ಟಿಗಳಲ್ಲಿ ನೀರು ಕಂಡರೂ ಕುಡಿಯಬಾರದು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಕಾನ್ಹೇರಿಯ ಭಿಕ್ಷುಗಳಿಗೆ ಅದು ವರ. ಬಂಡೆಯ ಮೇಲೆ ಕಾಲುವೆ ಕೊರೆದು, ಗುಹೆ ಗುಹೆಗೂ ತೊಟ್ಟಿ ಮಾಡಿ, ಬೇಸಿಗೆಗೆ ನೀರು ಕೂಡಿಟ್ಟರು. ನೀರು ಹರಿದು ಬರುವ ಆ ಜಾಡುಗಳೇ ಇಂದಿನ ಪ್ರವಾಸಿಯ ಕಾಲಡಿಯಲ್ಲಿವೆ. ಸವೆದ ಮೆಟ್ಟಿಲ ಮೇಲೆ ಪಾಚಿ ಕಟ್ಟಿದರೆ ಹೊಸ ಬೂಟೂ ನಿಲ್ಲುವುದಿಲ್ಲ. ತೊಟ್ಟಿಗಳ ಬಾಯಿ ಸಣ್ಣದು, ಆಳ ಹೊರಗೆ ಕಾಣದು. ಮಕ್ಕಳ ಕೈ ಬಿಡಬೇಡಿ.

ಎಲ್ಲಕ್ಕಿಂತ ಅಪಾಯ ಗುಹೆಸಾಲುಗಳ ನಡುವಿನ ಕಣಿವೆಯ ಹಳ್ಳ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಕೆಲವೇ ನಿಮಿಷಗಳಲ್ಲಿ ಹಳ್ಳಕ್ಕೆ ಇಳಿಯುತ್ತದೆ. ನೀರು ಕೆಂಪಾಯಿತು, ಕಸಕಡ್ಡಿ ತೇಲಿಬಂತು ಎಂದರೆ ಆ ಕ್ಷಣವೇ ದಡ ಹತ್ತಬೇಕು. ಹಳ್ಳದ ಆಚೆ ಸಿಕ್ಕಿಬಿದ್ದರೆ ದಾಟುವ ಸಾಹಸ ಬೇಡ, ನೀರು ಇಳಿಯುವವರೆಗೆ ಎತ್ತರದ ಗುಹೆಯಲ್ಲಿ ಕೂತಿರಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಮನೆಯಲ್ಲೇ ಇದ್ದುಬಿಡಿ.

ಚಿರತೆ, ಹೆಜ್ಜೇನು, ಬಾವಲಿ

ಉದ್ಯಾನದಲ್ಲಿ ಚಿರತೆಗಳಿವೆ, ಐವತ್ತರ ಆಸುಪಾಸಿನಲ್ಲಿ. ಹಗಲು ಗುಂಪಾಗಿ ಹೋಗುವವರಿಗೆ ಅವು ಕಾಣಿಸುವುದೇ ಅಪರೂಪ. ಕತ್ತಲಾಗುವ ಮುನ್ನ ಹೊರಬನ್ನಿ, ಮಕ್ಕಳು ನಡುವೆ ನಡೆಯಲಿ. ಎದುರಾದರೆ ಓಡದೆ, ಬಗ್ಗದೆ, ನಿಧಾನವಾಗಿ ಹಿಂದೆ ಸರಿಯಿರಿ.

ಹೆಜ್ಜೇನಿನ ವಿಷಯ ಬೇರೆ. ಬಂಡೆಯ ಚಾಚಿಗೆ ಜೇನುಗೂಡು ತೂಗುತ್ತಿದ್ದರೆ ಅದರ ಕೆಳಗೆ ನಿಲ್ಲಬಾರದು. ಅತ್ತರು, ಸಿಗರೇಟಿನ ಹೊಗೆ, ಕಲ್ಲೆಸೆತ ಯಾವುದೂ ಬೇಡ. ಹುಳುಗಳು ಎದ್ದರೆ ಮುಖ ಮುಚ್ಚಿಕೊಂಡು ಒಂದೇ ದಿಕ್ಕಿಗೆ ಓಡುವುದೇ ಉಪಾಯ. ನೀರಿಗೆ ಹಾರಿದರೆ ತಲೆಯೆತ್ತುವವರೆಗೆ ಅವು ಮೇಲೆ ಕಾದಿರುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಮಾಡದೆ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಹೊರಡಿ.

ಬಾವಲಿಗಳಿರುವ ಕತ್ತಲ ಕೋಣೆಗೆ ಇಣುಕದಿರುವುದು ಲೇಸು. ಅವುಗಳ ಒಣ ಹಿಕ್ಕೆಯ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಹಿಡಿಯಬಹುದು.

ನಿಜವಾದ ಕತ್ತಲಿಗೆ ಇಳಿಯುವವರಿಗೆ

ನೈಸರ್ಗಿಕ ಗುಹೆಯೇ ಬೇಕೆಂದರೆ ದೂರ ಹೋಗಬೇಕು. ಊರಿಗೆ ಹೋದಾಗ ದಕ್ಷಿಣ ಕನ್ನಡದ ನೆಲ್ಲಿತೀರ್ಥ ನೋಡಬಹುದು. ಸುಮಾರು ಇನ್ನೂರು ಮೀಟರ್ ಉದ್ದದ ಈ ಗುಹೆಗೆ ಮಳೆಗಾಲದಲ್ಲಿ ಪ್ರವೇಶವಿಲ್ಲ. ದಾಂಡೇಲಿ ಕಾಡಿನ ಕವಳಾ ಗುಹೆಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಿ. ಆಂಧ್ರದ ಬೇಲಂ ಗುಹೆ 3,229 ಮೀಟರ್ ಉದ್ದ, ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಅರ್ಧ. ಒಳಗೆ ಸೆಕೆ ಜಾಸ್ತಿ, ಉಬ್ಬಸದವರು ಯೋಚಿಸಿ ಇಳಿಯಬೇಕು. ಮೇಘಾಲಯದ ಹತ್ತಾರು ಕಿಲೋಮೀಟರ್ ಉದ್ದದ ಗುಹೆಗಳಿಗೆ ಒಣ ಚಳಿಗಾಲವೇ ಸರಿಯಾದ ಕಾಲ.

ಇಂಥಲ್ಲಿ ಒಬ್ಬರೇ ಇಳಿಯುವಂತಿಲ್ಲ, ನಾಲ್ವರಾದರೂ ಇರಲಿ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು ಇಬ್ಬರು ಸಹಾಯಕ್ಕೆ ಹೋಗಬಹುದು. ತಲೆಗೆ ಹೆಲ್ಮೆಟ್, ಪ್ರತಿಯೊಬ್ಬರ ಬಳಿ ಮೂರು ಬೇರೆಬೇರೆ ದೀಪ; ಮೊಬೈಲ್ ಟಾರ್ಚ್ ಆ ಲೆಕ್ಕಕ್ಕೆ ಬರುವುದಿಲ್ಲ. ತಲೆನೋವು, ಏದುಸಿರು ಶುರುವಾದರೆ ಗಾಳಿ ಕೆಟ್ಟಿದೆ ಎಂದೇ ತಿಳಿದು ಹೊರಬನ್ನಿ. ಸುಣ್ಣದ ತೂಗುಕಂಬಗಳನ್ನು ಮುಟ್ಟಬೇಡಿ, ಕೈಯ ಜಿಡ್ಡು ತಾಗಿದರೆ ಅವು ಬೆಳೆಯುವುದು ನಿಲ್ಲಬಹುದು.

ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ 2018ರ ಜೂನ್ 23ರಂದು ಹೊಕ್ಕ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರ ಮಳೆನೀರು ಏರಿ ಒಳಗೇ ಸಿಕ್ಕಿಬಿದ್ದರು. ಎಲ್ಲರೂ ಹೊರಬಂದದ್ದು ಜುಲೈ 10ರಂದು. ಅಷ್ಟರಲ್ಲಿ ಒಬ್ಬ ಮುಳುಗುಗಾರ ಪ್ರಾಣ ಕಳೆದುಕೊಂಡಿದ್ದ. ದ್ವಾರದ ಬಳಿ ಬಿಟ್ಟುಹೋಗಿದ್ದ ಸೈಕಲ್ಲುಗಳಿಂದ ಅವರು ಒಳಗಿರುವುದು ಗೊತ್ತಾಯಿತು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಹೇಳಿರಿ: ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸ್‌ಗೆ 108, ಮಹಾರಾಷ್ಟ್ರ ಅರಣ್ಯ ಇಲಾಖೆಗೆ 1926.