ಸ್ಕೀಮಾದಿಂದ ಹುಟ್ಟುವ ಕೈಪಿಡಿ: ಯಂತ್ರದ ಪಾಲೆಷ್ಟು, ಮನುಷ್ಯನ ಪಾಲೆಷ್ಟು?

ತಂತ್ರಾಂಶದ ಕೈಪಿಡಿಗಳು ಹಳಸುವುದು ಬರೆದವರ ಅಜ್ಞಾನದಿಂದಲ್ಲ, ಕೋಡ್ ಬದಲಾದರೂ ಬರಹ ಇದ್ದಲ್ಲೇ ಉಳಿಯುವುದರಿಂದ. ಇದಕ್ಕೆ ಮದ್ದು ಹುಡುಕಿದ ನಾಲ್ಕು ದಶಕಗಳಲ್ಲಿ ಯಂತ್ರದ ಪಾಲು ಬೆಳೆಯುತ್ತಲೇ ಬಂದಿದೆ. ಬರೆಯುವವನ ಕೆಲಸ ಮಾತ್ರ ತಪ್ಪಿಲ್ಲ, ಜಾಗ ಬದಲಿಸಿದೆ. ವಿವರಣೆಯೂ ಕೋಡೂ ಒಂದೇ ಕಡತದಲ್ಲಿರಲಿ ಎಂದು ಡೊನಾಲ್ಡ್ ಕ್ನೂತ್ 1984ರಲ್ಲಿ ವಾದಿಸಿದರು. ಮುಂದಿನ ದಶಕದಲ್ಲಿ ಜಾವಾ ಭಾಷೆಯ ಜೊತೆಗೇ ಬಂದ ಜಾವಾಡಾಕ್, ಹೆಸರು ಮತ್ತು ಟೈಪುಗಳನ್ನು ಕೋಡಿನಿಂದಲೂ ವಿವರಣೆಯನ್ನು ಅದರ ಕಾಮೆಂಟುಗಳಿಂದಲೂ ಹೆಕ್ಕಿ ವೆಬ್ ಪುಟಗಳನ್ನು ಕಟ್ಟಿಕೊಟ್ಟಿತು. ಟೈಪುಗಳು ಕೋಡಿಗೆ ತಪ್ಪದೆ ಹೊಂದಿದವು. ಕಾಮೆಂಟು ಹಳತಾಗುವುದನ್ನು ತಡೆಯಲು ಅದಕ್ಕೂ ಆಗಲಿಲ್ಲ.

ಒಂದು ತಂತ್ರಾಂಶ ಇನ್ನೊಂದನ್ನು ಜಾಲದ ಮೂಲಕ ಕರೆಯುವ ವೆಬ್ ಎಪಿಐಗಳಲ್ಲಿ ಸಮಸ್ಯೆ ಇನ್ನೂ ಬಿಗಿಯಾಯಿತು, ಏಕೆಂದರೆ ಬಳಸುವವನಿಗೆ ಕೋಡ್ ಕಾಣುವುದೇ ಇಲ್ಲ. 2001ರ ಡಬ್ಲ್ಯುಎಸ್‌ಡಿಎಲ್ 1.1 ಸೇವೆಯ ರೂಪವನ್ನು, ಅಂದರೆ ಅದರ ಸ್ಕೀಮಾವನ್ನು, ಎಕ್ಸ್‌ಎಂಎಲ್‌ನಲ್ಲಿ ಕರಾರುವಾಕ್ಕಾಗಿ ಹೇಳಿತಾದರೂ ಅದು ಓದಲಿಕ್ಕಲ್ಲ, ಯಂತ್ರಕ್ಕೆ ಉಣಿಸಲಿಕ್ಕೆ. ಅದರ ಭಾರಕ್ಕೆ ಬೇಸತ್ತು ಹಗುರ ಶೈಲಿಯಾದ ರೆಸ್ಟ್‌ನತ್ತ ಹೊರಳಿದವರಿಗೆ ಸ್ಕೀಮಾದ ಕಡ್ಡಾಯ ಇರಲಿಲ್ಲ. ಕೈಪಿಡಿ ಮತ್ತೆ ಕೈಬರಹವಾಯಿತು. ಆನ್‌ಲೈನ್ ನಿಘಂಟು ವರ್ಡ್‌ನಿಕ್‌ನಲ್ಲಿದ್ದ ಟೋನಿ ಟ್ಯಾಮ್ ರೂಪಿಸಿದ ಸ್ವ್ಯಾಗರ್, ಒಂದೇ ವಿವರಣೆಯಿಂದ ಓದುವ ಪುಟವನ್ನೂ ಅಲ್ಲೇ ಕರೆ ಕಳಿಸಿ ನೋಡುವ ಗುಂಡಿಯನ್ನೂ ಕೊಟ್ಟಿತು. 2015ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯದ ಓಪನ್‌ಎಪಿಐ ಕೂಟದ ಪಾಲಾಯಿತು. ಅದೇ ವರ್ಷ ಫೇಸ್‌ಬುಕ್ ಬಹಿರಂಗಪಡಿಸಿದ ಗ್ರಾಫ್‌ಕ್ಯೂಎಲ್‌ನಲ್ಲಿ ಸರ್ವರ್ ತನ್ನ ಸ್ಕೀಮಾವನ್ನು ಕೇಳಿದವರಿಗೆ ತಾನೇ ಹೇಳುತ್ತದೆ.

ಹಾಗಾದರೆ ಟೈಪುಗಳು ನಿಖರವಾಗಿದ್ದರೆ ಸಾಲದೇ, ವಾಕ್ಯಗಳೇಕೆ ಎಂದು ಕೇಳಬಹುದು. ಬೆಂಗಳೂರಿನ ಪಾವತಿ ಸಂಸ್ಥೆ ರೇಜರ್‌ಪೇ ಎಪಿಐನಲ್ಲಿ ‘ಅಮೌಂಟ್’ ಒಂದು ಪೂರ್ಣಾಂಕ. ಸ್ಕೀಮಾ ಅಷ್ಟನ್ನೇ ಹೇಳಿದರೆ 500 ಎಂದು ಕಳಿಸಿದವನ ಲೆಕ್ಕಕ್ಕೆ ಬರುವುದು ಐದೇ ರೂಪಾಯಿ, ಏಕೆಂದರೆ ಅಲ್ಲಿನ ಎಣಿಕೆ ಪೈಸೆಯಲ್ಲಿ. ಪೈಸೆಗೇ ಒಂದು ಟೈಪು ಮಾಡಿದರಾಯಿತಲ್ಲ ಎಂಬ ಮಾತು ನಿಜ, ಅಷ್ಟರ ಮಟ್ಟಿಗೆ. ಆದರೆ ಉತ್ತರ ಬಾರದೆ ಸಂಪರ್ಕ ಕಡಿದಾಗ ಮತ್ತೆ ಕರೆ ಕಳಿಸಿದರೆ ಹಣ ಎರಡು ಸಲ ಕಡಿತವಾದೀತೇ, ಯಾವ ಕರೆಯ ನಂತರ ಯಾವುದು ಎಂಬುದನ್ನು ಯಾವ ಟೈಪೂ ಪೂರ್ತಿ ಹೇಳಲಾರದು. ಓಪನ್‌ಎಪಿಐ ರೂಪಿಸಿದವರೂ ಇದನ್ನು ಬಲ್ಲರು. ಬಹುಪಾಲು ಪ್ರತಿ ಅಂಗಕ್ಕೂ ವಿವರಣೆಯ ಖಾನೆ ಇಟ್ಟಿದ್ದಾರೆ. ಅದನ್ನು ಖಾಲಿ ಬಿಟ್ಟರೂ ಪುಟ ಅಚ್ಚುಕಟ್ಟಾಗಿಯೇ ಮೂಡುತ್ತದೆ. ಈ ವಿಧಾನದ ಅಪಾಯ ಇರುವುದೂ ಅಲ್ಲೇ. ಆದ್ದರಿಂದ ಕೋಡನ್ನು ಪರಿಶೀಲಿಸುವವರು ಆ ಖಾನೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಓದಬೇಕು.