ಬ್ಯಾಟರಿ ಹಿಡಿದವಳು

ಬೆಳಗಾವಿಯ ಖಾಸಬಾಗದಲ್ಲಿ ಬೆಳೆದವರಿಗೆ ಯಂತ್ರದ ಸದ್ದು ಹೊಸದೇನಲ್ಲ. ಪಕ್ಕದ ಶಹಾಪುರ, ವಡಗಾವಿಗಳಂತೆ ಇದೂ ನೇಕಾರರ ಕೇರಿ. ಕೈಮಗ್ಗದ ಕಾಲದಲ್ಲಿ ಲಾಳಿಯ ಟಕಟಕ. ವಿದ್ಯುತ್ ಮಗ್ಗ ಬಂದ ಮೇಲೆ ಓಣಿಯನ್ನೇ ನಡುಗಿಸುವ ಖಟಖಟ. ಬೇರೆ ಊರಿಂದ ಬಂದ ಬೀಗರು ಕಿವಿ ಮುಚ್ಚಿಕೊಳ್ಳುವಂಥ ಆ ಗದ್ದಲದಲ್ಲೇ ನಮ್ಮ ತಾಯಂದಿರು ಕಂಡಿಕೆ ಸುತ್ತುತ್ತ, ರೊಟ್ಟಿ ಬಡಿಯುತ್ತ, ಮಕ್ಕಳ ಮಗ್ಗಿ ಒಪ್ಪಿಸಿಕೊಳ್ಳುತ್ತ ಇರುತ್ತಿದ್ದರು. ಸದ್ದು ಒಂದೇ ಸಮ ನಡೆದಿರುವಷ್ಟು ಹೊತ್ತು ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲವೇನೋ. ಒಂದು ಮಗ್ಗದ ಲಯ ಚೂರು ತಪ್ಪಿತೆಂದರೆ ಮಾತ್ರ ಒಲೆಯ ಮುಂದಿನಿಂದಲೇ ಕೂಗು ಬರುತ್ತಿತ್ತು: “ಏ, ಆ ಮೂಲ್ಯಾಗಿನ ಮಗ್ಗ ನೋಡ್ರೀ, ಏನೋ ಆಗೇತಿ!”

ಈ ಮಾತು ಹೇಳಲು ಕಾರಣವಿದೆ. ಮನೆಯ ಅಂಗಳದಲ್ಲೇ ಕಾರು ಬಿಚ್ಚಿ ದುರಸ್ತಿ ಮಾಡಿಕೊಳ್ಳುತ್ತಿದ್ದ ಒಂದು ಕಾಲ ನಮ್ಮಲ್ಲಿತ್ತು. ಅದರ ಕಥೆ ಹೇಳುವವರೆಲ್ಲ ಪಾನಾ ಹಿಡಿದ ಗಂಡಸಿನ ಕಥೆಯನ್ನೇ ಹೇಳುತ್ತಾರೆ. ಕತ್ತಲಾದ ಮೇಲೆ ಆತನ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತವಳ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುವುದು ನಿಮಗೆ ಗೊತ್ತೇ ಇದೆ. ಬೆಳಕು ಹಿಡಿದವಳು ಬೆಳಕು ಬಿದ್ದಲ್ಲೆಲ್ಲ ನೋಡಲೇಬೇಕು. ಹಾಗೆ ನೋಡಿ ನೋಡಿ ಎಷ್ಟು ಮಂದಿ ಹೆಂಗಸರು ಅರ್ಧ ಮಿಸ್ತ್ರಿಗಳಾಗಿದ್ದರೋ, ಲೆಕ್ಕ ಇಟ್ಟವರಿಲ್ಲ.

ಮೊದಲು ಆ ಕಾಲದ ಕಾರುಗಳ ವಿಷಯ. ಹಿಂದುಸ್ತಾನ್ ಮೋಟರ್ಸ್ ಕಂಪನಿ ಹುಟ್ಟಿದ್ದು 1942ರಲ್ಲಿ, ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ. ಮೊದಲನೆಯದರಿಂದ 1957ರಲ್ಲಿ ಅಂಬಾಸಿಡರ್ ಬಂತು. ಎರಡನೆಯದರಿಂದ ಫಿಯಟ್ 1100 ಬಂದು, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಸರಕಾರದ ಲೈಸೆನ್ಸ್ ಪದ್ಧತಿಯಿಂದಾಗಿ ಕಾರುಗಳು ತಯಾರಾಗುತ್ತಿದ್ದುದೇ ಕಡಿಮೆ. ಹಣ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ ಒಮ್ಮೆ ಮನೆಗೆ ಬಂದ ಕಾರು ಮನೆಯ ಎಮ್ಮೆಯಂತೆ, ಮುದಿಯಾದರೂ ಹೊರಗೆ ಹಾಕುವ ಮಾತಿರಲಿಲ್ಲ. ಅಪ್ಪ ಓಡಿಸಿದ್ದನ್ನು ಮಗ ಓಡಿಸುತ್ತಿದ್ದ. ಬಿಡಿಭಾಗ ಸಿಗದಿದ್ದರೆ ಇದ್ದುದನ್ನೇ ತಿಕ್ಕಿ, ಉಜ್ಜಿ, ಬಗ್ಗಿಸಿ ಕೂಡಿಸುವುದು.

ಅದು ಸಾಧ್ಯವಾಗಿದ್ದೂ ಆ ಎಂಜಿನ್ನುಗಳು ಸರಳವಾಗಿದ್ದವು ಎಂದೇ. ಬಾನೆಟ್ ಎತ್ತಿದರೆ ಕೆಳಗಿನ ನೆಲ ಕಾಣುವಷ್ಟು ಜಾಗ. ಎಲ್ಲ ಭಾಗಕ್ಕೂ ಕೈ ಹೋಗುತ್ತಿತ್ತು. ಕಾರು ಚಾಲೂ ಆಗದಿದ್ದರೆ ಹಳೆಯ ಮಿಸ್ತ್ರಿಗಳು ಮುಖ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಿದ್ದರು: ಕರೆಂಟ್ ಬರತೈತೇನು? ಪೆಟ್ರೋಲ್ ಬರತೈತೇನು? ಗ್ಯಾಸಿನ ಒಲೆ ಹೊತ್ತದಿದ್ದಾಗ ನಾವು ಮಾಡುವುದೂ ಅದನ್ನೇ ಅಲ್ಲವೇ? ಸಿಲಿಂಡರಿನಲ್ಲಿ ಗ್ಯಾಸ್ ಇದೆಯೇ, ಲೈಟರಿನಲ್ಲಿ ಕಿಡಿ ಇದೆಯೇ ಎಂದು ನೋಡುತ್ತೇವೆ. ಪ್ಲಗ್ಗಿಗೆ ಮಸಿ ಹಿಡಿದಿದ್ದರೆ ಒರೆಸುವುದು, ಪಾಯಿಂಟ್ ಸುಟ್ಟಿದ್ದರೆ ಪಾಲಿಶ್ ಪೇಪರಿನಿಂದ ಉಜ್ಜುವುದು, ಕಾರ್ಬೊರೇಟರಿಗೆ ಕಸ ಸಿಕ್ಕಿದ್ದರೆ ಊದಿ ತೆಗೆಯುವುದು. ಅರ್ಧಕ್ಕರ್ಧ ರೋಗ ಇಷ್ಟರಲ್ಲೇ ವಾಸಿಯಾಗುತ್ತಿತ್ತು.

ಇನ್ನು ಮದ್ದುಗಳನ್ನು ನೋಡಿ, ಎಷ್ಟೋ ಅಡಿಗೆಮನೆಯವೇ. ಬೇಸಿಗೆಯಲ್ಲಿ ಎಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪು ಎಳೆಯದಂತಾದರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂಡ್ರುತ್ತಿದ್ದರು, ಜ್ವರ ಬಂದ ಕೂಸಿನ ಹಣೆಗೆ ಪಟ್ಟಿ ಹಾಕಿದಂತೆ. ರೇಡಿಯೇಟರ್ ಸೋರಿದರೆ ಅರಿಷಿಣ ಪುಡಿ. ಪೆಟ್ರೋಲ್ ಟ್ಯಾಂಕು ಜಿನುಗಿದರೆ ಬಟ್ಟೆ ಸಾಬೂನು ತಿಕ್ಕಿ ಸಂದು ಮುಚ್ಚುವುದು. ಕಾರಿನ ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಹಿಟ್ಟು ಕಟ್ಟಿದರೆ ಬಿಸಿನೀರಿನಲ್ಲಿ ಅಡಿಗೆ ಸೋಡಾ ಕದಡಿ ತೊಳೆಯುವುದು. ಅರಿಷಿಣವೂ ಸಾಬೂನೂ ಗ್ಯಾರೇಜು ಮುಟ್ಟುವವರೆಗಿನ ಉಪಾಯಗಳು ಮಾತ್ರ; ಅರಿಷಿಣ ಹೆಚ್ಚಾದರೆ ರೇಡಿಯೇಟರೇ ಕಟ್ಟಿಕೊಳ್ಳುತ್ತದೆ. ಸೋಡಾದ ಮದ್ದು ಇಂದಿಗೂ ಸರಿಯೇ. ಇನ್ನು ಮಿಸ್ತ್ರಿಯ ಎಣ್ಣೆಗೈ ಒರೆಸುವ ನೂಲಿನ ವೇಸ್ಟು ಇದೆಯಲ್ಲ, ಅದು ನಮ್ಮಂಥ ಮಗ್ಗದ ಮನೆಗಳಲ್ಲಿ ಕಸಬರಿಗೆಗೆ ಸಿಕ್ಕುತ್ತಿದ್ದ ದಾರದ ತುಂಡುಗಳೇ. ಹೆಂಗಸರು ಗುಡಿಸಿ, ಆರಿಸಿ, ಚೀಲ ತುಂಬಿಟ್ಟದ್ದು.

ಬೆಳಗಾವಿಗಂತೂ ಈ ವಿದ್ಯೆ ಒಗ್ಗುವಂಥದೇ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕ ಹೊಯ್ದು, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಕಡೆದು ದೂರದೂರಿಗೆ ಕಳಿಸುವ ಊರಿದು. ಮನೆಗೊಬ್ಬ ಲೇಥ್ ಬಲ್ಲವನೋ ಮಗ್ಗ ಬಿಚ್ಚಬಲ್ಲವನೋ ಇರುತ್ತಿದ್ದ. ಖಂಡೇಪೂಜೆಯ ದಿನ ಮಗ್ಗಕ್ಕೆ, ಕಾರಿಗೆ, ಪಾನಾ ಪಕ್ಕಡಗಳಿಗೆ ಕುಂಕುಮ ಹಚ್ಚಿ ಆರತಿ ಬೆಳಗುವವರು ನಾವೇ. ಮರುದಿನದಿಂದ ಆ ಪಾನಾ ಮುಟ್ಟಿದರೆ “ನಿಮಗ್ಯಾಕ ಅದು?” ಎನ್ನುವ ಮಾತು.

ನಮ್ಮ ಕಾಕಾ ಸೀರೆಯ ವ್ಯಾಪಾರಿ. 1980ರ ಸುಮಾರಿಗೆ ಹಳೆಯ ಕಾರೊಂದನ್ನು ಕೊಂಡು, ಸೀರೆಯ ಗಂಟು ಹೇರಿಕೊಂಡು ಹುಬ್ಬಳ್ಳಿಯವರೆಗೂ ಓಡಿಸುತ್ತಿದ್ದರು. ರವಿವಾರ ಬಂತೆಂದರೆ ಅಂಗಳದಲ್ಲಿ ಗೋಣಿಚೀಲ ಹಾಸಿ ಬಿಚ್ಚುವ ಕೆಲಸ. ಅದು ಸಂಜೆಗೆ ಮುಗಿಯದೆ, ನಮ್ಮ ಕಾಕು ಬ್ಯಾಟರಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಒಂದು ಸಲ ಎಂಜಿನ್ ಜರ್ಕು ಹೊಡೆಯುತ್ತಿತ್ತು. ಕಾಕಾ ಪೆಟ್ರೋಲಿನ ಕೊಳವೆ ಬಿಚ್ಚಲು ಹೊರಟಿದ್ದರು. ಕಾಕು ಅಂದಳು: “ಅದನ್ಯಾಕ ಬಿಚ್ಚತೀರಿ? ನಾಲ್ಕರಾಗ ಒಂದು ಹೊಡೀವಲ್ದು, ಕೇಳ್ರಿ.” ಪ್ಲಗ್ಗಿನ ವಾಯರುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಯಾವುದನ್ನು ತೆಗೆದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಮೊದಲೇ ಸತ್ತಿತ್ತು ಎಂದರ್ಥ. ಮೂರನೆಯದು ಹಾಗೇ ಇತ್ತು. ಮಗ್ಗಗಳ ನಡುವೆ ಪಳಗಿದ ಕಿವಿ ಅದು. ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆವರೆಗೆ.

1987ರ ಜುಲೈನಲ್ಲಿ ಕಾಕುವಿನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬೆಳಗಾವಿಯ ಮಳೆ ಎಂದರೆ ಖಾನಾಪುರದ ಕಾಡಿನ ಕಡೆಯಿಂದ ಹೊರಟು ವಾರಗಟ್ಟಲೆ ಬಿಡದೆ ಹಿಡಿಯುವ ಮಳೆ. ಅಂಥದೊಂದು ರಾತ್ರಿ ಅವಳಿಗೆ ನೋವು ಕಾಣಿಸಿಕೊಂಡಿತು. ಕಾಕಾ ಊರಲ್ಲಿರಲಿಲ್ಲ. ರಿಕ್ಷಾ ಸಿಗಲಿಲ್ಲ. ಓಣಿಯ ಹುಡುಗನೊಬ್ಬನಿಗೆ ಡ್ರೈವಿಂಗ್ ಬರುತ್ತಿತ್ತು, ಓಡಿ ಬಂದ. ಸೆಲ್ಫ್ ಹೊಡೆದ, ಹೊಡೆದ, ಎಂಜಿನ್ ತಿರುಗಿತೇ ಹೊರತು ಹಿಡಿಯಲಿಲ್ಲ.

“ತಮ್ಮಾ, ಬಂದ್ ಮಾಡು. ಇನ್ನ ಹೊಡೀಬ್ಯಾಡ, ಗಾಡಿ ಬ್ಯಾಟರಿ ಇಳೀತೈತಿ. ಕೀ ತಗದು ಇಲ್ಲೆ ಬಾ” ಎಂದಳು ಕಾಕು. ಕೈಯಲ್ಲಿದ್ದ ಟಾರ್ಚನ್ನು ಅವನಿಗೆ ಕೊಟ್ಟು, ಮೇಲೆ ಕೊಡೆ ಹಿಡಿಯಲು ನನಗೆ ಹೇಳಿ, ತಾನೇ ಬಾನೆಟ್ ಎತ್ತಿದಳು. ಡಿಸ್ಟ್ರಿಬ್ಯೂಟರ್ ಎಂಬ ಭಾಗವಿರುತ್ತಿತ್ತು ಆಗ. ಪಂಕ್ತಿಯಲ್ಲಿ ಒಬ್ಬೊಬ್ಬರಿಗೂ ಸರದಿಯಂತೆ ಬಡಿಸುವವಳ ಹಾಗೆ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವುದು ಅದರ ಕೆಲಸ. ಅದರ ಮುಚ್ಚಳದ ಒಳಗೆ ತೇವ ಕೂತರೆ ಕರೆಂಟು ದಾರಿ ತಪ್ಪಿ ಹರಿದು ಕಿಡಿ ಸಾಯುತ್ತದೆ. ಕಾಕು ಎರಡು ಕ್ಲಿಪ್ಪು ಬಿಚ್ಚಿ ಮುಚ್ಚಳ ಎತ್ತಿ, ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ್ದ ಹಳೆ ಧೋತರದ ತುಂಡಿನಿಂದ ಒಳಗನ್ನು ಒರೆಸಿದಳು, ವಾಯರುಗಳ ಬುಡ ಒರೆಸಿದಳು, ಮುಚ್ಚಳ ಕೂಡಿಸಿದಳು. ಹತ್ತು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಎರಡನೆಯ ಸೆಲ್ಫಿಗೆ ಎಂಜಿನ್ ಹಿಡಿಯಿತು. ಬೆಳಗಿನ ಜಾವ ದವಾಖಾನೆಯಲ್ಲಿ ಗಂಡು ಕೂಸು ಹುಟ್ಟಿತು. ತಾಯಿಗೆ ರಕ್ತಸ್ರಾವ ಹೆಚ್ಚಾಗಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಊರಿಗೆ ಮರಳಿದ ಕಾಕಾ ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಮುಂದಿನ ರವಿವಾರ ಗೋಣಿಚೀಲ ಹಾಸುವಾಗ ಎರಡು ಹಾಸಿದರು.

ಕಾಕು ಮಾಡಿದ್ದು ತೀರ ಹೊಸದೂ ಅಲ್ಲ. ಮನೆಯ ಹೆಂಗಸು ಕಾರು ದುರಸ್ತಿ ಮಾಡಿದ ಚರಿತ್ರೆ ಕಾರಿನಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಪಡೆಯಲು ಅರ್ಜಿ ಹಾಕಿದ್ದು 1886ರಲ್ಲಿ. ಆತನ ಉದ್ಯಮಕ್ಕೆ ಹೆಂಡತಿ ಬರ್ಟಾ ತನ್ನ ವರದಕ್ಷಿಣೆಯ ಹಣವನ್ನೇ ತೊಡಗಿಸಿದ್ದಳು. ಆದರೆ ಆ ಗಾಡಿಯನ್ನು ನಂಬಿ ಕೊಳ್ಳುವವರು ಸಿಗಲಿಲ್ಲ. 1888ರ ಆಗಸ್ಟಿನಲ್ಲಿ ಬರ್ಟಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮಿನಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಹಾದಿಯಲ್ಲಿ ಗ್ಯಾರೇಜೂ ಇಲ್ಲ, ಪೆಟ್ರೋಲ್ ಪಂಪೂ ಇಲ್ಲ. ಇಂಧನದ ಕೊಳವೆ ಕಟ್ಟಿದಾಗ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ತೆರವು ಮಾಡಿದಳು. ವಾಯರಿನ ಹೊದಿಕೆ ಸವೆದಾಗ ಕಾಲುಚೀಲ ಕಟ್ಟುವ ಪಟ್ಟಿಯನ್ನೇ ಸುತ್ತಿದಳು. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊದಿಸಿಕೊಂಡಳು. ಏರಿನಲ್ಲಿ ಮಕ್ಕಳು ತಳ್ಳಬೇಕಾಗಿ ಬಂದುದನ್ನು ತಿರುಗಿ ಬಂದು ಗಂಡನಿಗೆ ಹೇಳಿದ ಮೇಲೆ ಆತ ಏರಿಗೆಂದೇ ಒಂದು ಗೇರು ಜೋಡಿಸಿದ.

1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬಾಕೆ ಹೆಂಗಸರಿಗಾಗಿಯೇ ಕಾರಿನ ಕೈಪಿಡಿ ಬರೆದಳು. ಹಿಂದೆ ಬರುವ ವಾಹನ ನೋಡಲು ಪುಟ್ಟ ಕೈಗನ್ನಡಿ ಇಟ್ಟುಕೊಳ್ಳಿ ಎಂದು ಆಕೆ ಅದರಲ್ಲಿ ಹೇಳಿದ್ದಳು. ಕಾರುಗಳಿಗೆ ಹಿನ್ನೋಟದ ಕನ್ನಡಿ ಸಾಮಾನ್ಯವಾಗುವ ಮೊದಲಿನ ಮಾತಿದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಮುಂದೆ ರಾಣಿಯಾದ ಎಲಿಜಬೆತ್ ಸೈನ್ಯದ ಮಹಿಳಾ ದಳ ಸೇರಿ ಲಾರಿಯ ಗಾಲಿ ಬಿಚ್ಚುವುದನ್ನೂ ಎಂಜಿನ್ ದುರಸ್ತಿಯನ್ನೂ ಕಲಿತಳು. ಗಂಡಸರು ಯುದ್ಧದಲ್ಲಿದ್ದಾಗ “ನಿಮಗ್ಯಾಕ ಅದು?” ಎಂದು ಯಾರೂ ಕೇಳಲಿಲ್ಲ ನೋಡಿ.

ನಮ್ಮಲ್ಲಿ ಗಾಳಿ ತಿರುಗಿದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಿನಿಂದ. ಮೂರು ಸಿಲಿಂಡರಿನ ಆ ಪುಟ್ಟ ಕಾರು ಮಧ್ಯಮವರ್ಗದ ಹೆಂಗಸರನ್ನು ಸ್ಟಿಯರಿಂಗಿನ ಹಿಂದೆ ಕೂಡ್ರಿಸಿತು. ಆಮೇಲೆ 2000ನೆಯ ಇಸವಿಯ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಕಾರ್ಬೊರೇಟರು ಹೋಯಿತು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ನು ಬಂತು. ಮೆಲ್ಲಗೆ ಡಿಸ್ಟ್ರಿಬ್ಯೂಟರೂ ಮರೆಯಾಯಿತು. ಎಲ್ಲದರ ಮೇಲೂ ಒಂದು ಪುಟ್ಟ ಕಂಪ್ಯೂಟರಿನ ಯಜಮಾನಿಕೆ. ಹೊಗೆ ಕಡಿಮೆಯಾಯಿತು, ಕಾರು ಕೆಡುವುದೂ ಕಡಿಮೆಯಾಯಿತು, ಅದು ಲಾಭವೇ. ಅಂಗಳದ ಗೋಣಿಚೀಲ ಮಾತ್ರ ಮಡಿಚಿ ಅಟ್ಟಕ್ಕೇರಿತು.

ಅದರ ಜೊತೆಗೆ ಇನ್ನೊಂದು ತೊಡಕು ಬಂತು. ಕಾರಿನ ರೋಗ ಓದುವ ಯಂತ್ರ, ಅದರ ಪುಸ್ತಕ, ಅಸಲಿ ಬಿಡಿಭಾಗಗಳು ಕಂಪನಿಯ ಸ್ವಂತ ವರ್ಕ್‌ಶಾಪುಗಳಲ್ಲೇ ಉಳಿದು, ಓಣಿಯ ಗ್ಯಾರೇಜಿಗೆ ಬಾಗಿಲು ಮುಚ್ಚಿತು. ಈ ಕಾರಣಕ್ಕಾಗಿಯೇ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಅದರ ವಿರುದ್ಧ ಮೇಲ್ಮನವಿಗಳೂ ಆದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ನೇಮಿಸಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಸಾಮಾನುಗಳ ಜೊತೆಗೆ ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ನಮ್ಮ ಹಣದಿಂದ ಕೊಂಡ ವಸ್ತುವಿನ ಒಳಗೆ ಏನಾಗಿದೆ ಎಂದು ತಿಳಿಯುವುದಕ್ಕೂ ಹಕ್ಕಿಗಾಗಿ ಹೋರಾಡಬೇಕಾದ ಕಾಲ ಬಂದದ್ದು ಹೀಗೆ.

ಹಾಗೆಂದು ಮನೆಯಲ್ಲಿ ಮಾಡುವಂಥದು ಏನೂ ಉಳಿದಿಲ್ಲ ಎಂದುಕೊಳ್ಳಬೇಡಿ. ಗಾಲಿಯ ಗಾಳಿ, ಎಂಜಿನ್ ಆಯಿಲಿನ ಕಡ್ಡಿ, ತಣ್ಣಗಿದ್ದಾಗ ಕೂಲಂಟಿನ ಮಟ್ಟ, ಬ್ಯಾಟರಿಯ ತುದಿ, ಫ್ಯೂಜು — ಇವಕ್ಕೆ ಇಂದಿಗೂ ಯಾರ ಅಪ್ಪಣೆಯೂ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಆಯಿಲಿನ ಅಥವಾ ಕಾವಿನ ಕೆಂಪು ದೀಪ ಹತ್ತಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಹಳದಿ ದೀಪವಾದರೆ ಸಾಮಾನ್ಯವಾಗಿ ಮೆಲ್ಲಗೆ ಗ್ಯಾರೇಜಿನವರೆಗೆ ಹೋಗಬಹುದು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಒಂದು ಪುಟ್ಟ ಸಾಧನ ಈಗ ಸುಲಭವಾಗಿ ಸಿಗುತ್ತದೆ. ಅದು ದೋಷದ ಸಂಕೇತವನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಎಲ್ಲಿ ನೋಡಬೇಕು ಎಂಬುದಷ್ಟೇ ಆ ಸಂಕೇತದ ಅರ್ಥ. ಯಾವ ಭಾಗ ಬದಲಿಸಬೇಕು ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಅಷ್ಟು ಗೊತ್ತಿದ್ದರೂ ಬಿಲ್ಲಿನಲ್ಲಿ ಇಲ್ಲದ್ದು ಸೇರಿದರೆ ಕೇಳಬಹುದು.

ಮಾಡಬಾರದ್ದೂ ಇವೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಬ್ಯಾಟರಿಯ ಹತ್ತಿರ ಕಡ್ಡಿ ಗೀರಬಾರದು, ಅದರಿಂದ ಹೊರಡುವ ಅನಿಲ ಹೊತ್ತಿಕೊಳ್ಳುವಂಥದು. ವಿದ್ಯುತ್ ಕಾರು ಕೊಂಡಿದ್ದರೆ ಅದರ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬೇಡಿ. ಮಕ್ಕಳಿಗೆ ಇಷ್ಟನ್ನು ಹೇಳಿಕೊಡಿ, ಗಂಡುಮಕ್ಕಳಿಗೆ ಹೇಳುವಾಗ ಹೆಣ್ಣುಮಕ್ಕಳನ್ನೂ ಕರೆಯಿರಿ. ಟಾರ್ಚು ಹಿಡಿಯಲು ಹೇಗೂ ಕರೆದೇ ಇರುತ್ತೀರಿ. ಒಂದೆರಡು ಸಲ ಅದನ್ನು ಅಣ್ಣನ ಕೈಗೆ ಕೊಟ್ಟು ಪಾನಾವನ್ನು ತಂಗಿಯ ಕೈಗೆ ಕೊಡಿ.