ಗುಂಬಜಿನ ನೆರಳಿನಲ್ಲಿ ಮದ್ರಸಾ: ಅಂಕಾರಾದ ಕೊಜಾತೆಪೆ ಮಸೀದಿ



ನಮ್ಮ ತುಮಕೂರು ಜಿಲ್ಲೆಯ ಶಿರಾದಲ್ಲಿ 1696ರಲ್ಲಿ ನಿರ್ಮಾಣವಾದ ಜುಮ್ಮಾ ಮಸೀದಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದನ್ನು ಕಟ್ಟಿದವರು ತಮ್ಮ ಕಾಲದ ಶೈಲಿಯಲ್ಲಿ, ಕಲ್ಲಿನಲ್ಲಿ ಕಟ್ಟಿದರು. ಹಾಗಾದರೆ ಕಾಂಕ್ರೀಟಿನ ಈ ಯುಗದಲ್ಲಿ ಮಸೀದಿ ಹೇಗಿರಬೇಕು? ತುರ್ಕಿಯ ರಾಜಧಾನಿ ಅಂಕಾರಾದಲ್ಲಿ ಈ ಪ್ರಶ್ನೆ ದೊಡ್ಡ ಚರ್ಚೆಯನ್ನೇ ಹುಟ್ಟಿಸಿತ್ತು.

ಅಲ್ಲಿನ ಕೊಜಾತೆಪೆ ಗುಡ್ಡದ ಮಸೀದಿಗಾಗಿ 1957ರಲ್ಲಿ ನಡೆದ ಸ್ಪರ್ಧೆಯಲ್ಲಿ ವೇದಾತ್ ದಲೊಕಾಯ್ ಮತ್ತು ಅವರ ಸಹವರ್ತಿಯ ಆಧುನಿಕ ನಕ್ಷೆ ಗೆದ್ದಿತು. ಅಡಿಪಾಯವನ್ನೂ ಹಾಕಲಾಯಿತು. ಆದರೆ ಅದು ಪರಂಪರೆಗೆ ಒಪ್ಪುವುದಿಲ್ಲವೆಂಬ ಟೀಕೆ ಬಲವಾಗಿ, ಆ ನಕ್ಷೆಯನ್ನು ಕೈಬಿಡಲಾಯಿತು. 1967ರಲ್ಲಿ ಹುಸ್ರೆವ್ ತೈಲಾ ಮತ್ತು ಫಾತಿನ್ ಉಲುಎಂಗಿನ್ ಅವರ ನಕ್ಷೆಯಂತೆ, ಹದಿನಾರನೆಯ ಶತಮಾನದ ಉಸ್ಮಾನಿಯಾ ಶೈಲಿಯಲ್ಲಿ ಕೆಲಸ ಮತ್ತೆ ಆರಂಭವಾಯಿತು. ಇಪ್ಪತ್ತು ವರ್ಷಗಳ ನಂತರ, 1987ರಲ್ಲಿ ಮಸೀದಿ ಪೂರ್ಣಗೊಂಡಿತು. ನಡುವೆ ದೊಡ್ಡ ಗುಂಬಜ್, ಸುತ್ತ ಅರ್ಧ ಗುಂಬಜ್‌ಗಳು, 88 ಮೀಟರ್ ಎತ್ತರದ ನಾಲ್ಕು ಮಿನಾರ್‌ಗಳು. ಸುಮಾರು 24,000 ಮಂದಿ ನಮಾಝ್ ಮಾಡಬಹುದು. ನೋಟ ಹಳೆಯದಾದರೂ ಕಟ್ಟಡ ಕಾಂಕ್ರೀಟಿನದು. ಕೆಳಗೆ ಅಂಗಡಿ ಮಳಿಗೆ, ವಾಹನ ನಿಲುಗಡೆಯೂ ಇವೆ.

ದಲೊಕಾಯ್ ಅವರ ಪ್ರತಿಭೆ ವ್ಯರ್ಥವಾಗಲಿಲ್ಲ. 1969ರಲ್ಲಿ ಇಸ್ಲಾಮಾಬಾದಿನ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಅವರೇ ಗೆದ್ದರು. ಗುಂಬಜ್ ಇಲ್ಲದ, ಅರಬರ ಡೇರೆಯನ್ನು ಹೋಲುವ ಫೈಸಲ್ ಮಸೀದಿ 1986ರಲ್ಲಿ ಪೂರ್ಣವಾಯಿತು. ಎರಡೂ ಕಡೆ ನಮಾಝ್ ಒಂದೇ, ಕಿಬ್ಲಾ ಒಂದೇ.

ಇಲ್ಲಿ ಒಂದು ಮಾತನ್ನು ಗಮನಿಸಿ. ಉಸ್ಮಾನಿಯಾ ಶೈಲಿಯ ಮಹಾ ಶಿಲ್ಪಿ ಮಿಮಾರ್ ಸಿನಾನ್ ತನ್ನ ನಕ್ಷೆಯನ್ನೇ ಮತ್ತೆ ನಕಲು ಮಾಡಿದವನಲ್ಲ. ಇಸ್ತಾಂಬುಲಿನ ಸುಲೇಮಾನಿಯಾ ಮಸೀದಿಗೂ ಎದಿರ್ನೆಯ ಸಲೀಮಿಯಾ ಮಸೀದಿಗೂ ಬೇರೆ ಬೇರೆ ರಚನೆ ನೀಡಿದನು. 1557ರಲ್ಲಿ ಮುಗಿದ ಸುಲೇಮಾನಿಯಾದ ಸುತ್ತ ಮದ್ರಸಾಗಳು, ವೈದ್ಯಕೀಯ ಶಾಲೆ, ಆಸ್ಪತ್ರೆ, ಬಡವರಿಗೆ ಊಟ ನೀಡುವ ಅಡುಗೆಮನೆ ಇದ್ದವು. ಮಸೀದಿಯೆಂದರೆ ಇವೆಲ್ಲವೂ ಸೇರಿದ ಒಂದು ಕೇಂದ್ರ.

ಆದ್ದರಿಂದ ನಾವು ಸಿನಾನ್‌ನಿಂದ ಪಡೆಯಬೇಕಾದ ಆಸ್ತಿ ಗುಂಬಜಿನ ಆಕಾರ ಮಾತ್ರವಲ್ಲ. ಊರಿನಲ್ಲಿ ಮಸೀದಿಗೆಂದು ಚಂದಾ ಎತ್ತುವಾಗ ಅದೇ ಪುಸ್ತಕದಲ್ಲಿ ಒಂದು ತರಗತಿ ಕೋಣೆಗೆ, ಒಂದು ಗ್ರಂಥಾಲಯಕ್ಕೆ, ಒಬ್ಬ ಬಡ ವಿದ್ಯಾರ್ಥಿನಿಯ ಶುಲ್ಕಕ್ಕೆ ಸ್ಥಳವಿದೆಯೇ ಎಂದು ಸದಸ್ಯರು ಕೇಳಲಿ. ವಿದ್ಯಾರ್ಥಿಗಳೇ, ನಿಮ್ಮಲ್ಲೊಬ್ಬರು ನಾಳೆ ಇಂಜಿನಿಯರ್ ಆಗಿ ನಮ್ಮ ಕಾಲಕ್ಕೆ ತಕ್ಕ ಮಸೀದಿಯ ನಕ್ಷೆ ಬರೆಯಿರಿ. ಅಲ್ಲಾಹನು ನಮಗೆಲ್ಲ ಇಲ್ಮ್ ಮತ್ತು ಅಮಲ್‌ನ ತೌಫೀಕ್ ನೀಡಲಿ. ಆಮೀನ್.